ಅಮೆರಿಕ ಪಶ್ಚಿಮಕ್ಕೆ ಹರಡಿದ್ದನ್ನು ಚಿತ್ರಕಲೆ ಅಷ್ಟು ಚೆಂದ ಮಾಡಿ ತೋರಿಸಿದ್ದು ಹೇಗೆ?

ಜಾನ್ ಗ್ಯಾಸ್ಟ್ 1872ರಲ್ಲಿ ಬರೆದ 'ಅಮೆರಿಕನ್ ಪ್ರೋಗ್ರೆಸ್' ಚಿತ್ರವನ್ನು ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಬಿಳಿ ಬಟ್ಟೆಯ ಹೆಣ್ಣೊಬ್ಬಳು ಆಕಾಶದಲ್ಲಿ ತೇಲುತ್ತಾ ಪಶ್ಚಿಮಕ್ಕೆ ಹೊರಟಿದ್ದಾಳೆ. ಕೈಯಲ್ಲಿ ಶಾಲೆಯ ಪುಸ್ತಕವಿದೆ, ಜೊತೆಗೆ ಟೆಲಿಗ್ರಾಫ್ ತಂತಿಯನ್ನೂ ಎಳೆದುಕೊಂಡು ಹೋಗುತ್ತಿದ್ದಾಳೆ. ಕೆಳಗೆ ರೈಲು, ಗಾಡಿಗಳು, ಹೊಲ ಉಳುವ ರೈತರು. ಬೆಳಕೆಲ್ಲ ಪೂರ್ವದಿಂದ ಬರುತ್ತದೆ, ಪಶ್ಚಿಮದ ಕಡೆ ಕತ್ತಲು. ಆ ಕತ್ತಲೊಳಗೆ ಮೂಲನಿವಾಸಿಗಳು, ಕಾಡೆಮ್ಮೆಗಳು, ಕರಡಿ ಎಲ್ಲ ಓಡುತ್ತಿದ್ದಾರೆ. ಮನುಷ್ಯರನ್ನು ಪ್ರಾಣಿಗಳ ಸಾಲಿಗೆ ಸೇರಿಸಿದ್ದೇ ನನಗೆ ಜಾಸ್ತಿ ನೋವು ಕೊಡುವುದು. ಅವರ ನೆಲ ಕಿತ್ತುಕೊಂಡ ಸೈನ್ಯ ಚಿತ್ರದಲ್ಲಿಲ್ಲ. 1869ರಲ್ಲಿ ಮುಗಿದ ಖಂಡದುದ್ದದ ರೈಲುದಾರಿಗೆ ದುಡಿದ ಸಾವಿರಾರು ಚೀನೀ ಕೂಲಿಗಳೂ ಇಲ್ಲ.

ಈ ಚಿತ್ರ ಸುಮ್ನೆ ಹುಟ್ಟಿದ್ದಲ್ಲ. ಬರೆಸಿದವರು ಪಶ್ಚಿಮದ ಪ್ರವಾಸ ಕೈಪಿಡಿಗಳ ಪ್ರಕಾಶಕ ಜಾರ್ಜ್ ಕ್ರೋಫಟ್. ಬಣ್ಣದ ಅಚ್ಚಿನಲ್ಲಿ ಪ್ರತಿಗಳು ಹಂಚಿಹೋದವು. ಅಂದರೆ ಅರ್ಧ ಜಾಹೀರಾತೇ ಅಲ್ವಾ?

ಅದೇ ಕಾಲದ ಇನ್ನೊಬ್ಬ ಚಿತ್ರಕಾರ ಆಲ್ಬರ್ಟ್ ಬಿಯರ್‌ಸ್ಟಾಟ್ ದಾರಿ ಬೇರೆ. ಅವರು 1859ರಲ್ಲಿ ನಿಜಕ್ಕೂ ಪಶ್ಚಿಮಕ್ಕೆ ಹೋಗಿದ್ದರು. ಆದರೆ ದೊಡ್ಡ ಚಿತ್ರಗಳನ್ನು ಬರೆದದ್ದು ನ್ಯೂಯಾರ್ಕಿಗೆ ಮರಳಿದ ಮೇಲೆ. 1863ರ ರಾಕಿ ಪರ್ವತದ ಚಿತ್ರದಲ್ಲಿ ಹೊನ್ನಿನಂಥ ಬೆಳಕು, ಎತ್ತರದ ಶಿಖರ, ಕೆಳಗೆ ಶೊಶೋನಿ ಎಂಬ ಮೂಲನಿವಾಸಿ ಜನರ ನೆಮ್ಮದಿಯ ಬಿಡಾರ. ಮರುವರ್ಷವೇ ಕೊಲೊರಾಡೊದ ಸ್ಯಾಂಡ್ ಕ್ರೀಕ್‌ನಲ್ಲಿ ಸೈನಿಕರು ಶಯೆನ್ ಮತ್ತು ಅರಾಪಹೊ ಜನರ ಬಿಡಾರದ ಮೇಲೆ ಬಿದ್ದು ಹೆಂಗಸರು, ಮಕ್ಕಳೆನ್ನದೆ ಕೊಂದರು.

ಮೂಲನಿವಾಸಿಗಳೇ ಬರೆದ ಚಿತ್ರಗಳೂ ಇವೆ. 1875ರ ನಂತರ ಫ್ಲೋರಿಡಾದ ಫೋರ್ಟ್ ಮೇರಿಯನ್‌ನಲ್ಲಿ ಸೆರೆಯಲ್ಲಿದ್ದವರು ಪುಸ್ತಕದ ಹಾಳೆಗಳ ಮೇಲೆ ತಮ್ಮ ಬದುಕನ್ನು ಬಿಡಿಸಿದ್ದಾರೆ. ಅವನ್ನೂ ಹುಡುಕಿ ನೋಡಿ.