ಟಿವಿಯ ಕೆಂಪು ದೀಪ ಮಿನುಗುತ್ತಿದೆ, ಸೆಟ್ ಶುರುವಾಗುತ್ತಿಲ್ಲ: ಪವರ್ ಸಪ್ಲೈ ಬೋರ್ಡನ್ನೇ ಬದಲಿಸಬೇಕೇ?

ನೀವು ಬರೆದದ್ದನ್ನು ಚಿಕ್ಕದಾಗಿ ಹೇಳಿಕೊಂಡು ಮುಂದುವರಿಯುತ್ತೇನೆ. ಶಹಾಪುರದ ನಿಮ್ಮ ಮನೆಯಲ್ಲಿ 32 ಇಂಚಿನ ಎಲ್‌ಇಡಿ ಟಿವಿ ಇದೆ. ಕರೆಂಟ್ ಹೋಗಿ ಬಂದ ಮೇಲೆ ಕೆಂಪು ದೀಪ ಮಿನುಗುತ್ತಲೇ ಇದೆ, ಚಿತ್ರವೂ ಇಲ್ಲ, ಸದ್ದೂ ಇಲ್ಲ. ಊರಿನ ಮೆಕ್ಯಾನಿಕ್ "ಸಪ್ಲೈ ಬೋರ್ಡ್ ಹೋಗಿದೆ, ಹೊಸದು ಹಾಕಬೇಕು" ಎಂದಿದ್ದಾರೆ. ನೀವು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ಕಲಿತವರು, ಮೀಟರ್ ಮತ್ತು ಸೋಲ್ಡರಿಂಗ್ ಐರನ್ ಕೈಯಲ್ಲಿವೆ, ಬೋರ್ಡ್ ಬದಲಿಸದೆ ಸರಿಯಾಗುತ್ತದೆಯೇ ಎಂದು ಕೇಳಿದ್ದೀರಿ.

ಕಲಬುರಗಿಯಲ್ಲಿ ನನ್ನದು ಟಿವಿ ರಿಪೇರಿ ಅಂಗಡಿ. ಕೌದಿಯಲ್ಲಿ ಸುತ್ತಿ ಬೈಕಿನ ಮೇಲೆ ತರುವ ಸೆಟ್ಟುಗಳಲ್ಲಿ ಈ ದೂರಿನವೇ ಹೆಚ್ಚು. ಸರಿಯಾಗುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಸಪ್ಲೈ ಕೆಟ್ಟಿದೆ ಎಂಬ ಮಾತೇ ಇನ್ನೂ ಸಾಬೀತಾಗಿಲ್ಲ. ದೀಪ ಮಿನುಗಬೇಕಾದರೆ ಫ್ಯೂಸ್ ಉಳಿದಿರಬೇಕು, ಎಸಿಯನ್ನು ಡಿಸಿ ಮಾಡುವ ಬ್ರಿಡ್ಜ್ ರೆಕ್ಟಿಫೈಯರ್ ಉಳಿದಿರಬೇಕು, ಸ್ವಿಚ್ಚಿನಂತೆ ಕೆಲಸ ಮಾಡುವ ಮಾಸ್‌ಫೆಟ್ ಶಾರ್ಟ್ ಆಗಿರಬಾರದು. ಅಂದರೆ ಸಪ್ಲೈ ಏಳಲು ಯತ್ನಿಸುತ್ತಿದೆ, ಏನೋ ಅದನ್ನು ಕೆಳಗೆ ಎಳೆಯುತ್ತಿದೆ. ಎಳೆಯುತ್ತಿರುವುದು ಅದೇ ಬೋರ್ಡಿನ ಭಾಗವೋ ಅದರಾಚೆಯ ಲೋಡೋ, ಅಂದರೆ ಅದರಿಂದ ವಿದ್ಯುತ್ ಪಡೆಯುವ ಭಾಗವೋ ಎಂಬುದನ್ನು ನೋಡದೆ ಬೋರ್ಡ್ ತರಿಸುವುದು ಹಣ ಕಳೆಯುವ ದಾರಿ.

ಮೊದಲು ಮಿನುಗುವುದನ್ನು ಎಣಿಸಿ. ಇಂತಿಷ್ಟು ಬಾರಿ ಮಿನುಗಿ, ಸ್ವಲ್ಪ ನಿಂತು, ಮತ್ತೆ ಅಷ್ಟೇ ಬಾರಿ ಮಿನುಗಿದರೆ ಅದು ಪ್ರೊಸೆಸರ್ ಇರುವ ಮೇನ್ ಬೋರ್ಡ್ ಕೊಡುತ್ತಿರುವ ದೋಷದ ಸಂಕೇತ. ಹಾಗಿದ್ದರೆ ಟಿವಿ ಆಫ್ ಇದ್ದಾಗಲೂ ಇರುವ ಸ್ಟ್ಯಾಂಡ್‌ಬೈ ವೋಲ್ಟೇಜ್ ಬರುತ್ತಿದೆ, ಪ್ರೊಸೆಸರ್ ಎಚ್ಚರವಾಗಿದೆ. ಪರದೆಯ ಹಿಂದೆ ಬೆಳಕು ಕೊಡುವ ಬ್ಯಾಕ್‌ಲೈಟ್ ಪಟ್ಟಿಗಳ ಕಡೆಯೂ ನೋಡಬೇಕಾಗುತ್ತದೆ. ಎಣಿಕೆಗೆ ಸಿಗದೆ ಒಂದೇ ಲಯದಲ್ಲಿ ಮಂದವಾಗಿ ಹತ್ತಿ ಆರುತ್ತಿದ್ದರೆ, ಜೊತೆಗೆ ಸಣ್ಣಗೆ ಟಿಕ್ ಟಿಕ್ ಸದ್ದೂ ಬರುತ್ತಿದ್ದರೆ, ಸಪ್ಲೈ ಏಳುತ್ತ ಬೀಳುತ್ತ ಇದೆ ಎಂದು ತಿಳಿಯಿರಿ. ನಿಮ್ಮ ವಿವರಣೆ ಎರಡನೆಯದಕ್ಕೆ ಹೊಂದುತ್ತದೆ.

ಹಿಂಬದಿ ತೆಗೆಯುವ ಮುನ್ನ ಒಂದು ಮಾತು. ಮನೆ ವೈರಿಂಗ್ ಮಾಡಿದ ಕೈಗೆ ಪ್ಲಗ್ ಕಿತ್ತರೆ ಸಾಕು ಎಂಬ ಅಭ್ಯಾಸವಿರುತ್ತದೆ. ಇಲ್ಲಿ ಅದು ಸಾಲದು. 230 ವೋಲ್ಟ್ ಎಸಿ ಬ್ರಿಡ್ಜ್ ದಾಟಿ ವಿದ್ಯುತ್ತನ್ನು ಕೂಡಿಡುವ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ಡಿಸಿಯಾಗಿ ನಿಲ್ಲುತ್ತದೆ. ಸರಿಯಿರುವ ಸೆಟ್ಟಿನಲ್ಲಿ ಅದು ಬೇಗ ಖಾಲಿಯಾಗುತ್ತದೆ, ಕೆಟ್ಟ ಸೆಟ್ಟಿನಲ್ಲಿ ಎಳೆದುಕೊಳ್ಳುವವರಿಲ್ಲದೆ ಬಹಳ ಹೊತ್ತು ಉಳಿಯುತ್ತದೆ. ಸ್ಕ್ರೂಡ್ರೈವರ್ ಇಟ್ಟು ಕಿಡಿ ಹಾರಿಸಬೇಡಿ. ಹೋಲ್ಡರಿಗೆ ಹಾಕಿದ 60 ವ್ಯಾಟ್ ಹಳೆಯ ಕಾಲದ ಬಲ್ಬಿನ ಎರಡು ವೈರನ್ನು ಕೆಪಾಸಿಟರಿನ ಎರಡು ಕಾಲಿಗೆ ಮುಟ್ಟಿಸಿ, ಆಮೇಲೆ ಮೀಟರಿನಲ್ಲಿ ನೋಡಿ ಖಚಿತಪಡಿಸಿಕೊಳ್ಳಿ. ಅದೇ ಬಲ್ಬ್ ಪರೀಕ್ಷೆಗೂ ಬೇಕು: ಟಿವಿಗೆ ಹೋಗುವ ಫೇಸ್ ವೈರಿನಲ್ಲಿ ಸೀರೀಸ್ ಆಗಿ ಹಾಕಿ. ಒಮ್ಮೆ ಹೊಳೆದು ಮಂದವಾದರೆ ಪ್ರೈಮರಿ ಕಡೆ, ಅಂದರೆ ಕರೆಂಟ್ ಬರುವ ಬದಿಯಲ್ಲಿ, ಶಾರ್ಟ್ ಇಲ್ಲ. ಪೂರ್ತಿ ಬೆಳಕಿನಲ್ಲೇ ನಿಂತರೆ ಶಾರ್ಟ್ ಇದೆ, ಆದರೆ ಬಲ್ಬ್ ನಡುವೆ ಇರುವುದರಿಂದ ಹೊಸ ಭಾಗಗಳು ಸುಡುವುದಿಲ್ಲ.

ಅಳೆಯುವಾಗ ಮೀಟರಿನ ಕಪ್ಪು ತುದಿ ಎಲ್ಲಿದೆ ಎಂಬುದು ಮುಖ್ಯ. ಟ್ರಾನ್ಸ್‌ಫಾರ್ಮರಿನ ಈಚೆಗೆ, ಕರೆಂಟ್ ಬರುವ ಬದಿಯಲ್ಲಿ, ದೊಡ್ಡ ಕೆಪಾಸಿಟರಿನ ಮೈನಸ್ ಕಾಲಿಗೆ ಹಿಡಿಯಬೇಕು. ಆಚೆ ಬದಿಯಲ್ಲಿ ತಗಡಿನ ಚಾಸಿಗೆ ಹಿಡಿಯಬೇಕು. ಎರಡೂ ಬೇರೆ ನೆಲ. ಇವನ್ನು ಬೆರೆಸಿದರೆ ಓದಿದ ವೋಲ್ಟೇಜಿಗೆ ಅರ್ಥವಿರುವುದಿಲ್ಲ.

ಈಗ ನಿರ್ಣಾಯಕ ಪರೀಕ್ಷೆ. ಪ್ಲಗ್ ಕಿತ್ತು, ಕೆಪಾಸಿಟರ್ ಖಾಲಿ ಮಾಡಿ, ಸಪ್ಲೈಯಿಂದ ಮೇನ್ ಬೋರ್ಡಿಗೆ ಹೋಗುವ ಕನೆಕ್ಟರನ್ನೂ ಬ್ಯಾಕ್‌ಲೈಟ್ ಕನೆಕ್ಟರನ್ನೂ ತೆಗೆಯಿರಿ. ಮತ್ತೆ ಕರೆಂಟ್ ಕೊಟ್ಟು ಸಪ್ಲೈ ಬದಿಯ ಪಿನ್ನುಗಳಲ್ಲಿ ಅಳೆಯಿರಿ. ಯಾವ ಪಿನ್ನಿಗೆ 12 ವೋಲ್ಟ್, ಯಾವುದಕ್ಕೆ 5 ವೋಲ್ಟ್ ಎಂದು ಸಾಮಾನ್ಯವಾಗಿ ಬೋರ್ಡಿನ ಮೇಲೇ ಅಚ್ಚಾಗಿರುತ್ತದೆ. ವೋಲ್ಟೇಜ್ ಅಲುಗದೆ ನಿಂತರೆ ಲೋಡ್ ಇಲ್ಲದಾಗ ಸಪ್ಲೈ ಆರೋಗ್ಯವಾಗಿದೆ. ಆಗ ಮೇನ್ ಬೋರ್ಡಿನ 12 ವೋಲ್ಟ್ ಪಿನ್ನಿಗೂ ಚಾಸಿಗೂ ನಡುವೆ ರೆಸಿಸ್ಟೆನ್ಸ್ ನೋಡಿ. ಒಂದೆರಡು ಓಮ್ ಬಂದರೆ ಕಳ್ಳ ಅಲ್ಲಿದ್ದಾನೆ. ಅಗ್ಗದ ಸೆಟ್ಟುಗಳಲ್ಲಿ ಸಪ್ಲೈ ಮತ್ತು ಮೇನ್ ಒಂದೇ ಬೋರ್ಡಿನಲ್ಲಿ ಇರುವುದುಂಟು. ಅಂಥದ್ದಾದರೆ ಈ ಸುಲಭದ ಬೇರ್ಪಡೆ ಸಾಧ್ಯವಿಲ್ಲ.

ಕನೆಕ್ಟರ್ ಕಿತ್ತ ಮೇಲೂ ವೋಲ್ಟೇಜ್ 3ಕ್ಕೆ ಏರಿ, ಬಿದ್ದು, ಮತ್ತೆ ಏರುತ್ತಿದ್ದರೆ ತಪ್ಪು ಸಪ್ಲೈಯದೇ. ಆಗ ಎಲ್ಲರ ಕಣ್ಣೂ ಹೋಗುವುದು ಆಚೆ ಬದಿಯ ಉಬ್ಬಿದ ಕೆಪಾಸಿಟರುಗಳ ಕಡೆಗೆ. ಹೋಗಲಿ, ಅವೂ ಬದಲಾಗಬೇಕಾದವೇ. ಆದರೆ ನಾನು ಮೊದಲು ನೋಡುವುದು ಈಚೆ ಬದಿಯಲ್ಲಿ, ಸಪ್ಲೈಯನ್ನು ನಡೆಸುವ ಕಂಟ್ರೋಲ್ ಐಸಿಯ ಪಕ್ಕ ಅಡಗಿ ಕುಳಿತ ಸಣ್ಣ ಕೆಪಾಸಿಟರನ್ನು. ಸಾಮಾನ್ಯವಾಗಿ 10ರಿಂದ 47 ಮೈಕ್ರೋಫ್ಯಾರಡ್, 50 ವೋಲ್ಟಿನದು. ಐಸಿ ಎಚ್ಚರವಾಗಲು ಬೇಕಾದ ಆರಂಭದ ಶಕ್ತಿಯನ್ನು ಕೂಡಿಡುವುದು ಅದೇ. ಐಸಿ ಒಮ್ಮೆ ಓಡತೊಡಗಿದ ಮೇಲೆ ಟ್ರಾನ್ಸ್‌ಫಾರ್ಮರಿನ ಒಂದು ಪುಟ್ಟ ಸುತ್ತು ಅದಕ್ಕೆ ಅನ್ನ ಹಾಕುತ್ತದೆ; ಆ ಅನ್ನ ಬರುವವರೆಗೆ ಈ ಕೆಪಾಸಿಟರಿನ ಗಂಟೇ ಗತಿ. ಅದು ಒಣಗಿದ್ದರೆ ಐಸಿ ಏಳುತ್ತದೆ, ವೋಲ್ಟೇಜ್ ಸಾಲದೆ ಮಲಗುತ್ತದೆ, ಮತ್ತೆ ಏಳುತ್ತದೆ. ನಿಮ್ಮ ದೀಪ ಮಿನುಗುವ ಲಯ ಇದೇ ಇರಬಹುದು. ಈ ಕೆಪಾಸಿಟರ್ ಉಬ್ಬುವುದೂ ಅಪರೂಪ, ಸೋರುವುದೂ ಅಪರೂಪ. ಮೀಟರಿನಲ್ಲಿ ಮೈಕ್ರೋಫ್ಯಾರಡ್ ಸರಿಯಾಗಿಯೇ ತೋರಿಸಿ ಒಳಗಿನ ರೆಸಿಸ್ಟೆನ್ಸ್ ಮಾತ್ರ ಏರಿರುತ್ತದೆ. ಕಣ್ಣಿಗೆ ಚೆನ್ನಾಗಿದೆ ಎಂದು ಬಿಟ್ಟವರೇ ಬೋರ್ಡ್ ಬದಲಿಸಿ ಎನ್ನುತ್ತಾರೆ. ಇದರ ಬೆಲೆ ಒಂದು ಚಹಾದಷ್ಟೂ ಇಲ್ಲ, ಅಳೆಯುತ್ತ ಕೂರದೆ ಬದಲಿಸಿಬಿಡಿ.

ಅದರಿಂದ ಆಗದಿದ್ದರೆ ಆಚೆ ಬದಿಯಲ್ಲಿ ಟ್ರಾನ್ಸ್‌ಫಾರ್ಮರಿನಿಂದ ಬಂದದ್ದನ್ನು ಡಿಸಿ ಮಾಡುವ ಶಾಟ್ಕಿ ಡಯೋಡ್ ಶಾರ್ಟ್ ಆಗಿದೆಯೇ ನೋಡಿ, ಅದರ ನಂತರದ ಕೆಪಾಸಿಟರುಗಳನ್ನು ಬದಲಿಸಿ. ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ವೋಲ್ಟ್ ಅಷ್ಟೇ ಅಥವಾ ಹೆಚ್ಚಿರಲಿ, 105 ಡಿಗ್ರಿಯದೇ ಆಗಲಿ. 85 ಡಿಗ್ರಿಯದನ್ನು ಕೊಟ್ಟರೆ ಹಿಂದಿರುಗಿಸಿ. ನಮ್ಮ ಕಡೆ ಮೇ ತಿಂಗಳಲ್ಲಿ ಹೊರಗೇ 42 ಡಿಗ್ರಿ ದಾಟುತ್ತದೆ, ಗೋಡೆಗೆ ಅಂಟಿಸಿದ ಟಿವಿಯ ಒಳಗೆ ಇನ್ನೂ ಹೆಚ್ಚು. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬಿಸಿ 10 ಡಿಗ್ರಿ ಏರಿದರೆ ಆಯುಸ್ಸು ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ಈ ಕಸುಬಿನ ಹಳೆಯ ಲೆಕ್ಕ. ಕೊಳ್ಳುವಾಗ ಎತ್ತರವನ್ನೂ ನೋಡಿ, ತೆಳುವಾದ ಸೆಟ್ಟಿನಲ್ಲಿ ಉದ್ದನೆಯದು ಹಾಕಿದರೆ ಹಿಂಬದಿ ಮುಚ್ಚುವುದಿಲ್ಲ. ಬೇಕಾದದ್ದು ಇಲ್ಲಿ ಸಿಗದಿದ್ದರೆ ಹೈದರಾಬಾದಿನ ಕೋಠಿಯ ಗುಜರಾತಿ ಗಲ್ಲಿಯಲ್ಲಿ ಸಿಗುತ್ತದೆ. ಹೋಗಿ ಬರುವವರ ಕೈಯಲ್ಲಿ ಚೀಟಿ ಕೊಡಿ.

ಶಹಾಬಾದ್, ಚಿತ್ತಾಪುರದ ಕಲ್ಲುಗಣಿ ಕಡೆಯ ಸೆಟ್ಟುಗಳಲ್ಲಿ ಬೋರ್ಡಿನ ಮೇಲೆ ಬೂದು ಪುಡಿ ಕುಳಿತಿರುತ್ತದೆ, ಮೃಗಶಿರ ಮಳೆಯ ತೇವಕ್ಕೆ ಅದು ತೊಂದರೆ ಕೊಡುತ್ತದೆ. ನಿಮ್ಮದರಲ್ಲೂ ಇದ್ದರೆ ಬ್ರಷ್ ಆಡಿಸಿ.

ದೀಪವೇ ಹತ್ತದ ಸೆಟ್ಟಿನ ಕಥೆ ಬೇರೆ. ಲೈನಿನಲ್ಲಿ ನ್ಯೂಟ್ರಲ್ ಕಡಿದಾಗ ಮನೆಗೆ 400 ವೋಲ್ಟಿನ ಹತ್ತಿರ ಬರಬಹುದು. ಆಗ ಫ್ಯೂಸಿನ ಪಕ್ಕದ ನೀಲಿ ಬಿಲ್ಲೆಯಂಥ ವ್ಯಾರಿಸ್ಟರ್, 471 ಎಂದು ಅಚ್ಚಾಗಿರುವುದು, ತಾನು ಶಾರ್ಟ್ ಆಗಿ ಫ್ಯೂಸನ್ನು ಸುಟ್ಟುಕೊಳ್ಳುತ್ತದೆ. ಎಷ್ಟೋ ಸಲ ಆ ಎರಡನ್ನು ಬದಲಿಸಿದರೆ ಸಾಕು. ಆದರೆ ಫ್ಯೂಸಿನ ಜಾಗದಲ್ಲಿ ತಾಮ್ರದ ಎಳೆ ಸುತ್ತಿ ನೋಡುವ ಪುಣ್ಯಾತ್ಮರು ಇದ್ದಾರೆ, ಅವರ ಬೋರ್ಡಿನಲ್ಲಿ ಆಮೇಲೆ ಉಳಿಸಲು ಏನೂ ಇರುವುದಿಲ್ಲ.

ಸಂತೆಯಲ್ಲಿ ಸಿಗುವ ಯೂನಿವರ್ಸಲ್ ಸಪ್ಲೈ ಬಗ್ಗೆಯೂ ಕೇಳಿದ್ದೀರಿ. ಮೂಲ ಬೋರ್ಡ್ ಕರಕಲಾಗಿದ್ದರೆ ಹಾಕುತ್ತೇನೆ, ಇಲ್ಲವಾದರೆ ಇಲ್ಲ. ಬ್ಯಾಕ್‌ಲೈಟಿಗೆ ಅದು ಕೊಡುವ ಕರೆಂಟ್ ಪಟ್ಟಿಗಳಿಗೆ ಹೊಂದದಿದ್ದರೆ ಕೆಲವೇ ತಿಂಗಳಲ್ಲಿ ಪಟ್ಟಿಗಳೂ ಹೋಗುತ್ತವೆ.

ಸಣ್ಣ ಕೆಪಾಸಿಟರ್ ಬದಲಿಸಿ, ಸೀರೀಸ್ ಬಲ್ಬ್ ಇಟ್ಟೇ ಮೊದಲ ಸಲ ಕರೆಂಟ್ ಕೊಡಿ. ಆಗಲೂ ಮಿನುಗಿದರೆ ಬೋರ್ಡಿನ ಎರಡೂ ಬದಿಯ ಫೋಟೊ, ಕಂಟ್ರೋಲ್ ಐಸಿಯ ಮೇಲಿನ ನಂಬರ್, ಕನೆಕ್ಟರ್ ಕಿತ್ತಾಗ ಮತ್ತು ಹಾಕಿದಾಗ ಬಂದ ವೋಲ್ಟೇಜ್, ಇಷ್ಟನ್ನು ಇಲ್ಲೇ ಕೆಳಗೆ ಬರೆಯಿರಿ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ನೋಡಿ ಹೇಳುತ್ತೇನೆ.