ಹಠ ಹಿಡಿದು ಬಂದ ಮನೆಯಲ್ಲಿ ನಿದ್ದೆ ಬಾರದ ರಾತ್ರಿಗಳು

(ಗುರುತು ಸಿಗಬಾರದೆಂದು ವಯಸ್ಸು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಬದಲಿಸಲಾಗಿದೆ.)

ನಲವತ್ತರ ಆಸುಪಾಸಿನ ಈ ಮಹಿಳೆ ಆಪ್ತಸಮಾಲೋಚನೆಗಾಗಿ ನನ್ನ ಬಳಿಗೆ ಬಂದಾಗ, ನಗರದ ನಡುವಿನ ಬಾಡಿಗೆ ಫ್ಲ್ಯಾಟನ್ನು ಬಿಟ್ಟು ಹೊರವಲಯದ ಬಡಾವಣೆಯೊಂದರ ಸ್ವಂತ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಆ ಫ್ಲ್ಯಾಟಿನಲ್ಲಿ ಅವರು ಹದಿನಾಲ್ಕು ವರ್ಷ ಇದ್ದರು. ಪತಿ ದಿನವೂ ಕೆಲಸಕ್ಕೆ ನಗರಕ್ಕೆ ಹೋಗಿ ರಾತ್ರಿ ಎಂಟರ ಹೊತ್ತಿಗೆ ಮರಳುತ್ತಿದ್ದರು, ಹನ್ನೊಂದು ವರ್ಷದ ಮಗ ಹೊಸ ಶಾಲೆಗೆ ಸೇರಿದ್ದ, ಇವರು ಮನೆಯಿಂದಲೇ ಲೆಕ್ಕಪತ್ರದ ಕೆಲಸ ಮಾಡುತ್ತಿದ್ದರು. ರಾತ್ರಿ ಎರಡು ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುವುದಿಲ್ಲ ಎಂಬುದು ಅವರ ಮೊದಲ ದೂರು. ಪಕ್ಕದ ಖಾಲಿ ನಿವೇಶನದಲ್ಲಿ ಏನೋ ಸರಿದಾಡಿದ ಸದ್ದು, ಬೀಗ ಹಾಕಿದೆನೋ ಇಲ್ಲವೋ ಎಂಬ ಅನುಮಾನ, ಮಗನಿಗೆ ನಡುರಾತ್ರಿ ಜ್ವರ ಏರಿದರೆ ಯಾರನ್ನು ಕರೆಯುವುದು, ಕೊನೆಯ ಬಸ್ಸು ತಪ್ಪಿದರೆ ಪತಿ ಹೇಗೆ ಬಂದಾರು ಎಂಬ ಚಿಂತೆಗಳು ಒಂದರ ಬೆನ್ನಿಗೆ ಒಂದು ಬರುತ್ತಿದ್ದವು. ಸಂಜೆಯಾದರೆ ಪತಿಗೆ ಐದಾರು ಬಾರಿ ಫೋನ್ ಮಾಡುತ್ತಿದ್ದರು.

“ಮನೆ ಬದಲಿಸಿದ್ದಷ್ಟೇ ಅಲ್ಲವೇ ಮೇಡಂ, ಇಷ್ಟಕ್ಕೆಲ್ಲ ನಿಮ್ಮ ಹತ್ತಿರ ಬರುವುದೇ ನಾಚಿಕೆ” ಎಂದರು. ನಾನು ಅವರ ಮುಂದೆ 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಮನೋವೈದ್ಯರು ಸಿದ್ಧಪಡಿಸಿದ ಪಟ್ಟಿಯನ್ನು ಇಟ್ಟೆ. ಬದುಕಿನ 43 ಘಟನೆಗಳಿಗೆ, ಅವುಗಳಿಗೆ ಹೊಂದಿಕೊಳ್ಳಲು ಬೇಕಾಗುವ ಶ್ರಮಕ್ಕೆ ತಕ್ಕಂತೆ ಅಲ್ಲಿ ಅಂಕ ಕೊಟ್ಟಿದ್ದಾರೆ. ಬಾಳಸಂಗಾತಿಯ ಸಾವಿಗೆ 100 ಅಂಕವಾದರೆ ಮನೆ ಬದಲಾವಣೆಗೆ 20 ಮಾತ್ರ. ಆದರೆ ಶಾಲೆಯ ಬದಲಾವಣೆಗೆ 20, ವಾಸದ ಪರಿಸ್ಥಿತಿಯ ಬದಲಾವಣೆಗೆ 25, ಸಾಮಾಜಿಕ ಚಟುವಟಿಕೆಯ ಬದಲಾವಣೆಗೆ 18, ನಿದ್ದೆಯ ಅಭ್ಯಾಸದ ಬದಲಾವಣೆಗೆ 16 ಎಂದು ಅವರ ಮನೆಯಲ್ಲಿ ನಡೆದದ್ದನ್ನೆಲ್ಲ ಕೂಡಿದರೆ ಮೊತ್ತ 99 ಆಗುತ್ತದೆ. ಇದು ಸ್ಥೂಲ ಅಳತೆ, ಇದರಿಂದ ರೋಗನಿರ್ಣಯ ಮಾಡಬಾರದು. ಆದರೂ “ಇಷ್ಟಕ್ಕೆಲ್ಲ” ಎಂಬ ಮಾತನ್ನು ಅವರು ಅಂದಿನಿಂದ ಮತ್ತೆ ಆಡಲಿಲ್ಲ.

ಹಸಿವು, ಕೆಲಸದ ಮೇಲಿನ ಗಮನ, ಹತಾಶೆ, ಬದುಕು ಬೇಡವೆಂಬ ಯೋಚನೆ ಇವೆಲ್ಲವನ್ನೂ ನೇರವಾಗಿ ಕೇಳಿ ತಿಳಿದುಕೊಂಡೆ. ತಕ್ಷಣ ಮನೋವೈದ್ಯರ ಬಳಿಗೆ ಕಳುಹಿಸಬೇಕಾದ ಲಕ್ಷಣ ಯಾವುದೂ ಇರಲಿಲ್ಲ. ಎರಡು ವಾರಗಳ ಕಾಲ ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇದ್ದರೆ ನನಗಾಗಿ ಕಾಯದೆ ವೈದ್ಯರನ್ನು ಕಾಣಬೇಕೆಂದು ಮಾತ್ರ ಹೇಳಿದೆ.

ಮೊದಲ ಎರಡು ಭೇಟಿಗಳನ್ನು ನಾನು ನಿದ್ದೆಯ ಸಲಹೆಗಳಲ್ಲೇ ಕಳೆದೆ, ಅದು ನನ್ನ ತಪ್ಪು. ಹೊಸ ಜಾಗದ ಮೊದಲ ರಾತ್ರಿ ಮಿದುಳಿನ ಒಂದು ಭಾಗ ಇನ್ನೊಂದಕ್ಕಿಂತ ಹೆಚ್ಚು ಎಚ್ಚರವಾಗಿರುತ್ತದೆ ಎಂದು 2016ರ ಒಂದು ಅಧ್ಯಯನ ತೋರಿಸಿದೆ. ಆದರೆ ಅದು ಆರಂಭದ ರಾತ್ರಿಯ ಮಾತು, ನಾಲ್ಕು ತಿಂಗಳ ಎಚ್ಚರಕ್ಕೆ ಬೇರೆ ಕಾರಣ ಹುಡುಕಬೇಕಿತ್ತು. ಚಿಂತೆ ಬಂದಾಗಲೆಲ್ಲ ಹೊತ್ತು ಮತ್ತು ವಿಷಯವನ್ನು ಬರೆದಿಡಿ ಎಂದು ಅವರಿಗೆ ಒಂದು ನೋಟ್‌ಬುಕ್ ಕೊಟ್ಟೆ. ಹತ್ತು ದಿನಗಳ ಬಳಿಕ ತೆರೆದು ನೋಡಿದರೆ ಬಹುಪಾಲು ಚಿಂತೆಗಳು ಹುಟ್ಟುತ್ತಿದ್ದುದು ರಾತ್ರಿಯಲ್ಲ, ಸಂಜೆ ಆರರಿಂದ ಎಂಟರ ನಡುವೆ. ಅದು ಮಗ ಕೋಣೆಯ ಬಾಗಿಲು ಹಾಕಿಕೊಂಡು ಕೂತಿರುವ, ಪತಿ ಇನ್ನೂ ದಾರಿಯಲ್ಲಿರುವ ಹೊತ್ತು.

ಹಿಂದಿನ ಮನೆಯಲ್ಲಿ ಆ ಹೊತ್ತಿಗೆ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ. ಕೆಳಗಿಳಿದು ಹೋಗುತ್ತಿದ್ದೆ ಎಂದರು. ಮೆಟ್ಟಿಲಲ್ಲಿ ಎದುರಾಗುವ ಮೇಲಿನ ಮನೆಯ ಹಿರಿಯರು, ಔಷಧಿ ಅಂಗಡಿಯ ಹುಡುಗ, ಗೇಟಿನ ಕಾವಲುಗಾರ ಇವರ ಪೈಕಿ ಕೆಲವರ ಹೆಸರೂ ಅವರಿಗೆ ತಿಳಿದಿರಲಿಲ್ಲ. ಆದರೆ ಯಾವ ವೈದ್ಯರು ರಾತ್ರಿ ಸಿಗುತ್ತಾರೆ, ನೀರು ಯಾವಾಗ ನಿಲ್ಲುತ್ತದೆ ಎಂಬುದೆಲ್ಲ ಗೊತ್ತಾಗುತ್ತಿದ್ದುದು ಇಂಥವರಿಂದಲೇ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರನೊವೆಟರ್ 1973ರ ಪ್ರಬಂಧದಲ್ಲಿ ಹೇಳಿದ್ದು ಇಂಥ ಸಡಿಲವಾದ ನಂಟುಗಳ ಬಲವನ್ನೇ: ಹೊಸ ಮಾಹಿತಿ ನಮಗೆ ತಲುಪುವುದು ಆಪ್ತರಿಗಿಂತ ಹೆಚ್ಚಾಗಿ ಇವುಗಳ ಮೂಲಕ. ಹಾಗೆ ನೋಡಿದರೆ ಅವರ ಭಯಗಳಲ್ಲಿ ಅರ್ಧದಷ್ಟು, ಮೊದಲು ದಾರಿಯಲ್ಲೇ ಉತ್ತರ ಸಿಗುತ್ತಿದ್ದ ಪ್ರಶ್ನೆಗಳು.

ಇದನ್ನೆಲ್ಲ ಪತಿಗೆ ಹೇಳಿದ್ದೀರಾ ಎಂದಾಗ ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, “ಹೇಗೆ ಹೇಳಲಿ? ಅವರಿಗೆ ಬರಲು ಮನಸ್ಸೇ ಇರಲಿಲ್ಲ. ಹಠ ಹಿಡಿದು ಕರೆದುಕೊಂಡು ಬಂದವಳು ನಾನೇ” ಎಂದು ಅತ್ತುಬಿಟ್ಟರು. ಪ್ರಕರಣದ ಗಂಟು ಅಲ್ಲಿತ್ತು. ಹಳೆಯ ಬೀದಿ ನೆನಪಾಗುತ್ತದೆ ಎಂದು ಹೇಳುವ ಹಕ್ಕು ತನಗಿಲ್ಲವೆಂದು ಅವರು ತಾವೇ ತೀರ್ಮಾನಿಸಿಕೊಂಡಿದ್ದರು. ಬೀಗದ ಬಗ್ಗೆ, ಬಸ್ಸಿನ ಬಗ್ಗೆ ಚಿಂತಿಸಲು ಮಾತ್ರ ಯಾರ ಅಡ್ಡಿಯೂ ಇರಲಿಲ್ಲವಾದ್ದರಿಂದ, ದುಃಖವೆಲ್ಲ ಆ ದಾರಿಯನ್ನೇ ಹಿಡಿದಿತ್ತು.

ಆದ್ದರಿಂದ ನನ್ನ ಮೊದಲ ಸಲಹೆ ಪತಿಯೊಡನೆ ಮಾತನಾಡುವುದು. ನಿರ್ಧಾರ ತಪ್ಪಾಯಿತು ಎನ್ನುವುದೂ ಹೊಂದಿಕೊಳ್ಳಲು ಕಷ್ಟವಾಗುತ್ತಿದೆ ಎನ್ನುವುದೂ ಒಂದೇ ಅಲ್ಲ, ಎರಡನೆಯದನ್ನು ಮಾತ್ರ ಹೇಳಿ, ಪರಿಹಾರ ಕೇಳಬೇಡಿ, ಅವರು ಕೇಳಿಸಿಕೊಂಡರೆ ಸಾಕು ಎಂದೆ. ಆ ಮಾತನ್ನು ನನ್ನೆದುರೇ ಎರಡು ಬಾರಿ ಆಡಿಸಿ ನೋಡಿದೆವು. ನೋಟ್‌ಬುಕ್ಕಿನ ಚಿಂತೆಗಳ ಪೈಕಿ ಕೆಲಸ ಮಾಡಿ ಮುಗಿಸಬಹುದಾದವನ್ನು ಬೇರೆ ಮಾಡಿ, ರಾತ್ರಿ ತೆರೆದಿರುವ ಆಸ್ಪತ್ರೆಗೆ ಹಗಲಲ್ಲೇ ಒಮ್ಮೆ ಹೋಗಿ ದಾರಿ ನೋಡಿಕೊಳ್ಳುವುದು, ಅಕ್ಕಪಕ್ಕದ ಎರಡು ಮನೆಯವರ ಫೋನ್ ನಂಬರ್ ಪಡೆಯುವುದು ಎಂದು ಗೊತ್ತುಮಾಡಿದೆವು. ಉಳಿದವುಗಳಿಗೆ ದಿನವೂ ಒಂದೇ ಜಾಗದಲ್ಲಿ, ಒಂದೇ ಹೊತ್ತಿಗೆ ಅರ್ಧ ಗಂಟೆ. ಬೇರೆ ವೇಳೆಯಲ್ಲಿ ಚಿಂತೆ ಬಂದರೆ ಬರೆದಿಟ್ಟು ಆ ಅರ್ಧ ಗಂಟೆಗೆ ಮುಂದೂಡಬೇಕು. 1980ರ ದಶಕದಿಂದ ಬಳಕೆಯಲ್ಲಿರುವ ಈ ಕ್ರಮವನ್ನು ಮಲಗುವ ಹೊತ್ತಿಗೆ ಹತ್ತಿರ ಇಟ್ಟುಕೊಳ್ಳಬಾರದು, ಹಾಗಾಗಿ ಮಧ್ಯಾಹ್ನದ ನಾಲ್ಕು ಗಂಟೆಯನ್ನು ಆರಿಸಿದೆವು. ಬೀಗವನ್ನು ಒಮ್ಮೆ ಮಾತ್ರ, ಬಾಯಿಬಿಟ್ಟು “ಹಾಕಿದೆ” ಎಂದು ಹೇಳಿಕೊಂಡು ಹಾಕುವುದು. ದಿನವೂ ಸಂಜೆ ಆರಕ್ಕೆ ಒಂದೇ ದಾರಿಯಲ್ಲಿ, ಸಾಧ್ಯವಾದರೆ ಮಗನನ್ನೂ ಕರೆದುಕೊಂಡು ನಡೆದಾಡುವುದು. ಯಾರನ್ನಾದರೂ ಮಾತನಾಡಿಸಲೇಬೇಕೆಂಬ ಒತ್ತಾಯ ಬೇಡ, ಒಂದೇ ಮುಖ ಮತ್ತೆ ಮತ್ತೆ ಕಂಡರೆ ಪರಿಚಯ ತಾನಾಗಿ ಬೆಳೆಯುತ್ತದೆ.

ಆರನೆಯ ಭೇಟಿಯ ಹೊತ್ತಿಗೆ ಸಂಜೆಯ ಫೋನು ಒಂದಕ್ಕೆ ಇಳಿದಿತ್ತು. ಬೀಗವನ್ನು ಕೆಲವು ರಾತ್ರಿ ಈಗಲೂ ಎರಡು ಬಾರಿ ನೋಡುತ್ತಾರೆ, ಎರಡು ಗಂಟೆಯ ಎಚ್ಚರ ವಾರಕ್ಕೊಮ್ಮೆ ಉಳಿದಿದೆ. ಮಾತು ಆಡಿದ ರಾತ್ರಿ ಪತಿ, ಬಸ್ಸಿನಲ್ಲಿ ಹಳೆಯ ನಿಲ್ದಾಣ ದಾಟುವಾಗ ಇಳಿದುಬಿಡೋಣ ಎಂದು ತನಗೂ ಅನ್ನಿಸುವುದುಂಟು ಎಂದು ಹೇಳಿದರಂತೆ. ಮಗ ಇನ್ನೂ ಸಂಜೆಯ ನಡಿಗೆಗೆ ಬರಲು ಒಪ್ಪಿಲ್ಲ, ಹೊಸ ಶಾಲೆಯ ಯಾವ ಗೆಳೆಯನ ಹೆಸರನ್ನೂ ಮನೆಯಲ್ಲಿ ಹೇಳಿಲ್ಲ. ಅವನ ವಿಚಾರ ಮಾತನಾಡಲು ಮುಂದಿನ ತಿಂಗಳು ಗಂಡಹೆಂಡತಿ ಇಬ್ಬರೂ ಒಟ್ಟಿಗೆ ಬರುತ್ತಾರೆ.