ಓದುಗರ ಪ್ರಶ್ನೆ: ರಜೆಯಲ್ಲೂ ಕುಡಿಯದೇ ಇರುವುದು ಹೇಗೆ?

ರಜೆ ಹತ್ತಿರ ಬಂತು ಅಂದರೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಬರೋಕೆ ಶುರುವಾಗುತ್ತವೆ. ಕುಡಿತ ಬಿಟ್ಟಿದ್ದೇವೆ, ಪ್ರವಾಸ ಹೊರಟಿದ್ದೇವೆ, ಏನು ಮಾಡಲಿ ಅಂತ. ಈ ಸಲ ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇನೆ. ಬರೆದವರ ಹೆಸರು, ಊರು ಯಾವುದೂ ಇಲ್ಲಿಲ್ಲ.

ಪ್ರಶ್ನೆ: ಕುಡಿತ ಬಿಟ್ಟು ಎಂಟು ತಿಂಗಳಾಯಿತು. ಮುಂದಿನ ತಿಂಗಳು ಕಾಲೇಜಿನ ಗೆಳೆಯರೆಲ್ಲ ಸೇರಿ ಸಮುದ್ರದ ಪಕ್ಕದ ಒಂದು ರೆಸಾರ್ಟಿಗೆ ಐದು ದಿನ ಹೊರಟಿದ್ದೇವೆ. ದುಡ್ಡೂ ಕಟ್ಟಿಯಾಗಿದೆ. ಇವರೆಲ್ಲ ನನ್ನ ಜೊತೆ ಕೂತು ಕುಡಿದವರೇ. ನಾನು ಬಿಟ್ಟಿರುವುದು ಇಬ್ಬರಿಗೆ ಮಾತ್ರ ಗೊತ್ತು. ಮನೆಯಲ್ಲಿರುವಾಗ ಕುಡಿಯಬೇಕು ಅಂತ ಅನ್ನಿಸುವುದೇ ಈಗ ಕಡಿಮೆ. ಆದರೂ ಹೆದರಿಕೆ. ಹೋಗಲೋ ಬೇಡವೋ?

ಹೆದರಿಕೆ ಆಗುತ್ತಿದೆ ಅಂತ ಬರೆದಿದ್ದೀರಲ್ಲ, ಅದನ್ನು ಓದಿ ನನಗೆ ಸಮಾಧಾನವಾಯಿತು. "ಎಂಟು ತಿಂಗಳಾಯಿತು, ಇನ್ನೇನಾಗುತ್ತೆ ಬಿಡಿ" ಅಂದಿದ್ದರೆ ನಾನು ಜಾಸ್ತಿ ಹೆದರುತ್ತಿದ್ದೆ.

ಮನೆಯಲ್ಲಿ ಆಸೆ ಕಡಿಮೆಯಾಗಿರುವುದಕ್ಕೆ ಕಾರಣ ಇದೆ. ಈ ಎಂಟು ತಿಂಗಳಲ್ಲಿ ನಿಮಗೇ ಗೊತ್ತಾಗದಂತೆ ಒಂದು ದಿನಚರಿ ಕಟ್ಟಿಕೊಂಡಿದ್ದೀರಿ. ಕೆಲಸ ಮುಗಿದ ಮೇಲೆ ಯಾವ ದಾರಿಯಲ್ಲಿ ಮನೆಗೆ ಬರಬೇಕು, ಸಂಜೆ ಏನು ಮಾಡಬೇಕು, ಯಾರಿಗೆ ಫೋನ್ ಮಾಡಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಲ್ಲ ರೂಢಿಯಾಗಿದೆ. ಪ್ರವಾಸಕ್ಕೆ ಹೊರಟ ದಿನವೇ ಇದೆಲ್ಲ ಕೈಬಿಟ್ಟು ಹೋಗುತ್ತದೆ. ಬೆಳಿಗ್ಗೆ ಬೇಗ ಏಳುವ ಹಂಗಿಲ್ಲ, ಮರುದಿನ ಕೆಲಸವಿಲ್ಲ, ಗಮನಿಸುವವರಿಲ್ಲ. ಅದರ ಮೇಲೆ ಹಳೇ ಗೆಳೆಯರು. ಮೆದುಳು ಕುಡಿತವನ್ನು ಕಲಿಯುವಾಗ ಬಾಟಲಿ ಒಂದನ್ನೇ ಕಲಿತಿರುವುದಿಲ್ಲ, ಜೊತೆಯಲ್ಲಿದ್ದವರು, ಹೊತ್ತು, ವಾಸನೆ, ಹಾಡು, ನಗು ಎಲ್ಲವನ್ನೂ ಅದಕ್ಕೇ ಗಂಟುಹಾಕಿ ಇಟ್ಟುಕೊಂಡಿರುತ್ತದೆ. ತಿಂಗಳುಗಟ್ಟಲೆ ಸುಮ್ಮನಿದ್ದ ಆಸೆ ಹಳೇ ಗೆಳೆಯನೊಬ್ಬ ಹೆಗಲ ಮೇಲೆ ಕೈ ಹಾಕಿದ ಕೂಡಲೇ ಎದ್ದು ಕೂರುವುದು ಇದೇ ಕಾರಣಕ್ಕೆ. ಅದು ನಿಮ್ಮ ಮನಸ್ಸು ಗಟ್ಟಿಯಿಲ್ಲ ಅನ್ನುವುದಕ್ಕೆ ಸಾಕ್ಷಿಯಲ್ಲ.

ಹೋಗಲೋ ಬೇಡವೋ ಅಂದರೆ, ನೇರವಾಗಿ ಹೇಳುತ್ತೇನೆ. ಎಲ್ಲರಿಗೂ ಹೇಳದೇ ಹೋಗುವುದಾದರೆ ಹೋಗಬೇಡಿ. ಕಟ್ಟಿದ ದುಡ್ಡು ಹೋದರೆ ಹೋಗಲಿ. ಹೇಳಿ ಹೋಗುವುದಾದರೆ ಯೋಚಿಸಬಹುದು. ಗುಂಪಿಗೆ ಒಂದು ಮೆಸೇಜ್ ಹಾಕಿ: "ನಾನು ಕುಡಿಯುವುದು ಬಿಟ್ಟಿದ್ದೇನೆ. ಬರುತ್ತೇನೆ, ಆದರೆ ಕುಡಿಯಲ್ಲ. ದಯವಿಟ್ಟು ಯಾರೂ ಒತ್ತಾಯ ಮಾಡಬೇಡಿ." ಅಷ್ಟೇ ಸಾಕು. ಮಾತ್ರೆ ತಗೋತಿದ್ದೀನಿ, ಹೊಟ್ಟೆ ಸರಿಯಿಲ್ಲ ಅಂತೆಲ್ಲ ನೆಪ ಹೇಳಬೇಡಿ. ಐದು ದಿನದ ಪ್ರವಾಸದಲ್ಲಿ ನೆಪಕ್ಕೆ ಒಂದು ರಾತ್ರಿಯ ಆಯಸ್ಸು, ಎರಡನೇ ಸಂಜೆ "ಈಗ ಹೊಟ್ಟೆ ಸರಿಹೋಯ್ತಲ್ಲ, ಒಂದೇ ಒಂದು ತಗೋ" ಅಂತ ಯಾರೋ ಗ್ಲಾಸ್ ಮುಂದೆ ತಂದಿಡುತ್ತಾರೆ. ನಿಮ್ಮ ಮೆಸೇಜಿಗೆ ಏನು ಉತ್ತರ ಬರುತ್ತದೆ ನೋಡಿ. "ಒಳ್ಳೇದಾಯ್ತು ಬಿಡೋ" ಅನ್ನುವವರು ಇಬ್ಬರು ಮೂವರಾದರೂ ಇದ್ದರೆ ಹೋಗಬಹುದು. ಎಲ್ಲರೂ ನಗೆಯಾಡಿದರೆ, ಅಲ್ಲಿ ಐದು ದಿನ ಹೇಗಿರುತ್ತದೆ ಅಂತ ಈಗಲೇ ಗೊತ್ತಾದ ಹಾಗೆ, ಅಲ್ವಾ?

ಹೋಗುವುದೆಂದಾದರೆ ಸಿದ್ಧತೆಯೆಲ್ಲ ಮನೆಯಲ್ಲಿರುವಾಗಲೇ ಮುಗಿಯಬೇಕು. ಅಲನ್ ಮಾರ್ಲಾಟ್ ಅನ್ನುವ ಅಮೆರಿಕದ ಮನಶ್ಶಾಸ್ತ್ರಜ್ಞರು, ಬಿಟ್ಟವರು ಮತ್ತೆ ಯಾಕೆ ಶುರು ಮಾಡುತ್ತಾರೆ ಅನ್ನುವುದನ್ನೇ ವರ್ಷಗಟ್ಟಲೆ ಅಧ್ಯಯನ ಮಾಡಿದವರು. ಮೊದಲ ಗುಟುಕಿಗಿಂತ ಎಷ್ಟೋ ಮೊದಲೇ, ಕುಡಿತಕ್ಕೆ ಸಂಬಂಧವೇ ಇಲ್ಲ ಅನ್ನಿಸುವ ಸಣ್ಣ ಸಣ್ಣ ನಿರ್ಧಾರಗಳು ಮನುಷ್ಯನನ್ನು ಬಾಟಲಿಯ ಹತ್ತಿರಕ್ಕೆ ತಂದು ನಿಲ್ಲಿಸುತ್ತವೆ ಅಂತ ಅವರು ತೋರಿಸಿಕೊಟ್ಟರು. ಬಾರಿನ ಮೇಲಿನ ಮಹಡಿಯಲ್ಲೇ ರೂಮ್ ಸಿಕ್ಕಿತು, ಪರವಾಗಿಲ್ಲ ಬಿಡು. ಐಸ್ ತರೋಕೆ ನಾನೇ ಹೋಗ್ತೀನಿ. ಏರ್‌ಪೋರ್ಟಿನ ಡ್ಯೂಟಿ ಫ್ರೀ ಅಂಗಡಿಯಲ್ಲಿ ಸುಮ್ನೆ ಒಂದು ಸುತ್ತು ಹಾಕಿ ಬರೋಣ. ಒಂದೊಂದೂ ಕ್ಷುಲ್ಲಕ. ಎಲ್ಲ ಸೇರಿದರೆ ನೀವು ಎಲ್ಲಿರುತ್ತೀರಿ ನೋಡಿ. ಹಾಗಾಗಿ ಇವತ್ತೇ ಹೋಟೆಲಿಗೆ ಫೋನ್ ಮಾಡಿ, ನಾನು ಬರುವ ಮೊದಲೇ ರೂಮಿನ ಮಿನಿಬಾರ್ ಖಾಲಿ ಮಾಡಿಡಿ ಅನ್ನಿ. ಇದನ್ನು ಕೇಳುವವರು ಬೇಕಾದಷ್ಟು ಜನ ಇದ್ದಾರೆ, ಸಂಕೋಚ ಬೇಡ. ರೂಮ್ ಬೇರೆ ಮಾಡಿಸಿಕೊಳ್ಳಿ, ಇಲ್ಲ ಕುಡಿಯದವರ ಜೊತೆ ಹಂಚಿಕೊಳ್ಳಿ. ಎಲ್ಲಕ್ಕಿಂತ ಮುಖ್ಯ, ಯಾರನ್ನೂ ಕೇಳದೇ, ಯಾರ ಗಾಡಿಗೂ ಕಾಯದೇ ಅಲ್ಲಿಂದ ಹೊರಡುವ ದಾರಿ ನಿಮಗಿರಬೇಕು.

ಇನ್ನು ಮೊದಲ ರಾತ್ರಿಯ ಊಟದ ಟೇಬಲ್. ಎಲ್ಲರೂ ಕೂತಿದ್ದೀರಿ, ವೇಟರ್ ಬಂದು ನಿಂತಿದ್ದಾನೆ, ಒಂದು ತುದಿಯಿಂದ ಒಬ್ಬೊಬ್ಬರೇ ಹೇಳುತ್ತಾ ಬರುತ್ತಿದ್ದಾರೆ: ಬಿಯರ್, ವಿಸ್ಕಿ, ಅವನಿಗೆ ಹಾಕಿದ್ದೇ ನನಗೂ. ನಿಮ್ಮ ಸರದಿ ಬರುವ ಹೊತ್ತಿಗೆ ಆರು ಜನ ಹೇಳಿಯಾಗಿರುತ್ತದೆ, ಟೇಬಲ್ ಪೂರ್ತಿ ನಿಮ್ಮ ಮುಖ ನೋಡುತ್ತಿರುತ್ತದೆ. ಆ ಎರಡು ಸೆಕೆಂಡಿನ ಮೌನ ಬಹಳ ಭಾರ. ಅದನ್ನು ಬರಲು ಬಿಡಲೇಬೇಡಿ. ವೇಟರ್ ಬಂದ ಕೂಡಲೇ ಎಲ್ಲರಿಗಿಂತ ಮೊದಲು ನೀವೇ ಹೇಳಿಬಿಡಿ: "ನನಗೊಂದು ಸೋಡಾ, ನಿಂಬೆಹಣ್ಣು ಹಿಂಡಿ." ಗ್ಲಾಸ್ ಬಂದ ಮೇಲೆ ಕೈಯಲ್ಲೇ ಇಟ್ಟುಕೊಳ್ಳಿ. ಟೇಬಲ್ ಮೇಲೆ ಬಿಟ್ಟು ಎದ್ದು ಹೋದರೆ, ವಾಪಸ್ ಬಂದು ಹೊಸ ಗ್ಲಾಸನ್ನೇ ಕೇಳಿ. ತಪ್ಪಿ ಬೇರೆಯವರ ಗ್ಲಾಸ್ ಎತ್ತಿಕೊಳ್ಳುವುದೂ ಉಂಟು, ತಮಾಷೆಗೆ ಅಂತ ಬೆರೆಸುವವರೂ ಉಂಟು.

ದಿನದಲ್ಲಿ ಕಷ್ಟದ ಹೊತ್ತು ಸಂಜೆ. ಈಜಿ, ಬಿಸಿಲಲ್ಲಿ ಅಲೆದು ಸುಸ್ತಾಗಿ ರೂಮಿಗೆ ಬಂದಿರುತ್ತೀರಿ, ಊಟಕ್ಕೆ ಇನ್ನೂ ಮೂರು ಗಂಟೆ ಇರುತ್ತದೆ, ಆಚೆಯಿಂದ ಬಾಟಲಿಗಳ ಸದ್ದು ಕೇಳುತ್ತದೆ. ಹಸಿವು, ಸಿಟ್ಟು, ಒಂಟಿತನ, ಸುಸ್ತು, ಈ ನಾಲ್ಕರ ಮೇಲೆ ಕಣ್ಣಿಡಿ ಅಂತ ಕುಡಿತ ಬಿಟ್ಟವರು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಾರೆ. ಪ್ರವಾಸದ ಸಂಜೆಗಳಲ್ಲಿ ಇವುಗಳಲ್ಲಿ ಮೂರಾದರೂ ಒಟ್ಟಿಗೆ ಬರುತ್ತವೆ. ಆ ಹೊತ್ತಿಗೆ ಏನಾದರೂ ತಿನ್ನಿ, ಸ್ವಲ್ಪ ಮಲಗಿ, ಫೋನ್ ಮಾಡಿ. ಫೋನಿಗೆ ಟೈಮ್ ಮೊದಲೇ ಗೊತ್ತು ಮಾಡಿಕೊಂಡಿರಿ, ಆ ಕಡೆಯವರು ಕಾಯುತ್ತಿರುತ್ತಾರೆ ಅನ್ನುವುದೇ ಒಂದು ಹಿಡಿತ. ಆಸೆ ಜೋರಾಗಿ ಬಂದರೆ ಅದು ಕುಡಿಯುವ ತನಕ ಏರುತ್ತಲೇ ಹೋಗುತ್ತದೆ ಅಂತ ಅನ್ನಿಸುತ್ತದೆ, ಆದರೆ ಹಾಗಾಗುವುದಿಲ್ಲ. ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಅದು ಏರಿ, ನಿಂತು, ಇಳಿಯುತ್ತದೆ. ಮಾರ್ಲಾಟ್ ಇದನ್ನು ಅಲೆಗೆ ಹೋಲಿಸಿದ್ದರು. ಆ ಅರ್ಧ ಗಂಟೆ ಎದ್ದು ನಡೆಯಿರಿ.

ಫೋನಿನ ಮಾತು ಬಂದಿದ್ದರಿಂದ ಒಂದು ಘಟನೆ ಹೇಳಲೇಬೇಕು. 1935ರ ಮೇ ತಿಂಗಳು. ಬಿಲ್ ವಿಲ್ಸನ್ ಅನ್ನುವ ನ್ಯೂಯಾರ್ಕಿನ ಮನುಷ್ಯ, ಕುಡಿತ ಬಿಟ್ಟು ಆಗ ಐದು ತಿಂಗಳು, ವ್ಯವಹಾರದ ಮೇಲೆ ಅಮೆರಿಕದ ಏಕ್ರನ್ ಊರಿಗೆ ಹೋಗಿದ್ದರು. ವ್ಯವಹಾರ ಮುರಿದುಬಿತ್ತು. ಹೋಟೆಲಿನ ಲಾಬಿಯಲ್ಲಿ ಒಬ್ಬರೇ. ಒಂದು ಕಡೆ ಬಾರ್, ಒಳಗಿನಿಂದ ನಗು, ಮಾತು. ಇನ್ನೊಂದು ಕಡೆ ಫೋನು, ಅಲ್ಲೇ ಊರಿನ ಚರ್ಚುಗಳ ಪಟ್ಟಿ. ಅವರು ಫೋನಿನ ಕಡೆಗೆ ಹೋದರು. ಯಾರಾದರೂ ಕುಡುಕರ ಜೊತೆ ಮಾತಾಡಬೇಕು ಅಂತ ಕೇಳುತ್ತಾ ಹೋಗಿ, ಕೊನೆಗೆ ಡಾಕ್ಟರ್ ಬಾಬ್ ಸ್ಮಿತ್ ಅನ್ನುವ ಸರ್ಜನ್ ಸಿಕ್ಕರು. ಅವರೂ ಕುಡಿತದಿಂದ ನರಳುತ್ತಿದ್ದವರೇ. ಆ ಭೇಟಿಯಿಂದಲೇ ಆಲ್ಕೊಹಾಲಿಕ್ಸ್ ಅನಾನಿಮಸ್, ಎಲ್ಲರೂ ಎಎ ಅನ್ನುವ ಸಂಸ್ಥೆ ಹುಟ್ಟಿದ್ದು. ಇವತ್ತು ಅದರ ಸಭೆಗಳು ನೂರಕ್ಕೂ ಹೆಚ್ಚು ದೇಶಗಳಲ್ಲಿ ನಡೆಯುತ್ತವೆ, ಆನ್‌ಲೈನಲ್ಲೂ ನಡೆಯುತ್ತವೆ. ನೀವು ಹೋಗುವ ಜಾಗದಲ್ಲಿ ಎಲ್ಲಿ, ಎಷ್ಟು ಹೊತ್ತಿಗೆ ಸಭೆ ಇದೆ ಅಂತ ಹೊರಡುವ ಮೊದಲೇ ಬರೆದಿಟ್ಟುಕೊಳ್ಳಿ. ಗೊತ್ತಿಲ್ಲದ ಊರಲ್ಲಿ, ನಿಮ್ಮ ಕಷ್ಟ ಮೊದಲೇ ಗೊತ್ತಿರುವವರ ನಡುವೆ ಒಂದು ಗಂಟೆ ಕೂತು ಬರುವುದು ಪ್ರವಾಸ ಕೆಡಿಸುವ ಕೆಲಸವೇನಲ್ಲ.

ಪ್ರಶ್ನೆ: ನನ್ನ ಗಂಡ ಕುಡಿತ ಬಿಟ್ಟಿದ್ದಾರೆ. ಮೊದಲ ಸಲ ಕುಟುಂಬ ಸಮೇತ ಪ್ರವಾಸ ಹೊರಟಿದ್ದೇವೆ. ಅವರ ಬ್ಯಾಗ್ ನೋಡಬೇಕು ಅನ್ನಿಸುತ್ತಿದೆ. ತಪ್ಪಾ?

ಅನ್ನಿಸುವುದು ತಪ್ಪಲ್ಲ ಅಮ್ಮ. ವರ್ಷಗಟ್ಟಲೆ ಬಾಟಲಿ ಹುಡುಕಿ ಹುಡುಕಿ ಆ ಅಭ್ಯಾಸ ನಿಮ್ಮ ಕೈಗೇ ಬಂದುಬಿಟ್ಟಿದೆ. ಆದರೆ ಬ್ಯಾಗ್ ತಡಕಬೇಡಿ. ಸಿಗದಿದ್ದರೂ ನಿಮಗೆ ನಂಬಿಕೆ ಬರುವುದಿಲ್ಲ, ನೀವು ತಡಕಿದ್ದು ಅವರಿಗೆ ಗೊತ್ತಾದರೆ ಪ್ರವಾಸ ಪೂರ್ತಿ ಮುನಿಸು. ಅದರ ಬದಲು ಒಂದು ದಿನ ಕೂತು ಕೇಳಿ, "ಅಲ್ಲಿ ನಿಮಗೆ ಕಷ್ಟ ಆದರೆ ನಾನೇನು ಮಾಡಲಿ?" ಅಂತ. ಮಾತಾಡದೇ ಜೊತೆಗೆ ಎದ್ದು ಬಾ ಅನ್ನಬಹುದು, ಒಬ್ಬನೇ ಬಿಡು ಅನ್ನಬಹುದು. ಹೇಳಿದ್ದನ್ನು ಮಾಡಿ. ಜೊತೆಗೆ ಬರುವ ನೆಂಟರಲ್ಲಿ ಕುಡಿಯುವವರಿದ್ದರೆ, ಈ ಸಲ ಬೇಡ ಅಂತ ಅವರಿಗೆ ಮೊದಲೇ ಹೇಳುವ ಹೊಣೆಯನ್ನು ಮನೆಯವರು ಯಾರಾದರೂ ಹೊರಲಿ. ಇನ್ನೊಂದು ಮಾತು, ಪ್ರವಾಸ ನಿಮ್ಮದೂ ಹೌದು. ಅದನ್ನೆಲ್ಲ ಅವರ ಮುಖ ನೋಡುತ್ತಲೇ ಕಳೆಯಬೇಡಿ. ಕುಡುಕರ ಮನೆಯವರಿಗಾಗಿಯೇ ಅಲ್-ಅನಾನ್ ಅಂತ ಬೇರೆ ಸಭೆಗಳಿವೆ, ಅಲ್ಲಿಗೆ ನಿಮಗಾಗಿ ಹೋಗಿ ಬನ್ನಿ.

ಪ್ರಶ್ನೆ: ಕುಡಿದರೆ ಮೈಗೆ ಆಗದಂತೆ ಮಾಡುವ ಡೈಸಲ್ಫಿರಾಮ್ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಪ್ರವಾಸದ ಮೂರು ದಿನ ನಿಲ್ಲಿಸಿದರೆ ಏನಾದರೂ ತೊಂದರೆಯೇ?

ಯಾಕೆ ನಿಲ್ಲಿಸಬೇಕು ಅನ್ನಿಸಿತು? ಆ ಪ್ರಶ್ನೆಯನ್ನು ನಿಮಗೇ ಕೇಳಿಕೊಳ್ಳಿ, ಉತ್ತರವನ್ನು ಡಾಕ್ಟರಿಗೆ ಹೇಳಿ. ಮಾತ್ರೆ ನಿಲ್ಲಿಸಿದರೂ ಅದರ ಪರಿಣಾಮ ಎರಡು ವಾರದವರೆಗೆ ಮೈಯಲ್ಲಿ ಉಳಿಯಬಹುದು. ಮೂರು ದಿನ ಬಿಟ್ಟು ಕುಡಿದರೆ ಮುಖ ಕೆಂಪಾಗಿ, ಎದೆ ಹೊಡೆದುಕೊಂಡು, ವಾಂತಿಯಾಗಿ, ಬಿಪಿ ಇಳಿದು ಆಸ್ಪತ್ರೆ ಸೇರಬೇಕಾದೀತು, ಕೆಲವರಿಗೆ ಜೀವಕ್ಕೇ ಅಪಾಯ. ಈ ಮಾತ್ರೆ ತೆಗೆದುಕೊಳ್ಳುವವರು ಮೌತ್‌ವಾಶ್, ಕೆಮ್ಮಿನ ಸಿರಪ್, ಹೋಟೆಲಿನ ಕೆಲವು ಸಾಸ್ ಮತ್ತು ಸಿಹಿ ತಿಂಡಿಗಳಲ್ಲೂ ಮದ್ಯ ಇದೆಯಾ ಅಂತ ಕೇಳಿ ನೋಡಬೇಕು. ಮಾತ್ರೆಯನ್ನು ಕೈಚೀಲದಲ್ಲಿ, ಅದರದ್ದೇ ಸ್ಟ್ರಿಪ್ಪಿನಲ್ಲಿ, ಡಾಕ್ಟರ ಚೀಟಿಯ ಜೊತೆ ಇಟ್ಟುಕೊಳ್ಳಿ. ಕುಡಿಯುವ ಆಸೆ ತಗ್ಗಿಸುವ ನಾಲ್ಟ್ರೆಕ್ಸೋನ್ ಮಾತ್ರೆ ತೆಗೆದುಕೊಳ್ಳುವವರಿಗೂ ಒಂದು ಮಾತು. ಅದು ಕೆಲಸ ಮಾಡುವ ರೀತಿಯೇ ಬೇರೆ, ಆದರೆ ಅದು ಮೈಯಲ್ಲಿರುವಾಗ ಮಾರ್ಫಿನ್ ಜಾತಿಯ ನೋವಿನ ಔಷಧಿಗಳು ಸರಿಯಾಗಿ ಕೆಲಸ ಮಾಡುವುದಿಲ್ಲ. ದಾರಿಯಲ್ಲಿ ಅಪಘಾತವಾದರೆ ಡಾಕ್ಟರಿಗೆ ಗೊತ್ತಾಗಬೇಕಲ್ಲ, ಪರ್ಸಿನಲ್ಲಿ ಒಂದು ಚೀಟಿ ಇರಲಿ.

ಪ್ರಶ್ನೆ: ಆಲ್ಕೊಹಾಲ್ ಇಲ್ಲದ ಬಿಯರ್ ಕುಡಿಯಬಹುದಾ? ಗುಂಪಿನಲ್ಲಿ ಬೇರೆಯಾಗಿ ಕಾಣುವುದಿಲ್ಲ.

ನನ್ನ ಅಭಿಪ್ರಾಯದಲ್ಲಿ ಬೇಡ. ಹಾಗೆ ಮಾರುವ ಎಷ್ಟೋ ಬಿಯರುಗಳಲ್ಲಿ ಶೇಕಡಾ 0.5ರವರೆಗೆ ಆಲ್ಕೊಹಾಲ್ ಇರುತ್ತದೆ. ಪೂರ್ತಿ ಸೊನ್ನೆ ಇರುವುದೂ ಸಿಗುತ್ತದೆ ನಿಜ, ಆದರೆ ನೊರೆ, ಕಹಿ, ವಾಸನೆ, ಬಾಟಲಿಯ ಆಕಾರ ಎಲ್ಲ ಹಳೆಯದೇ. ಕುಡಿತವೇ ಚಟವಾಗಿದ್ದವರಿಗೆ ಅಷ್ಟು ಸಾಕು, ಆಸೆ ಕೆದಕಿದಂತಾಗುತ್ತದೆ. ಬೇರೆಯಾಗಿ ಕಂಡರೆ ಕಾಣಲಿ ಬಿಡಿ.

ಪ್ರಶ್ನೆ: ಹೋದ ವಾರ ಪ್ರವಾಸದಲ್ಲಿ ಒಂದು ರಾತ್ರಿ ಕುಡಿದುಬಿಟ್ಟೆ. ಒಂದೂವರೆ ವರ್ಷ ನೀರಲ್ಲಿ ಹೋಯಿತು. ಇನ್ನು ಬಿಟ್ಟು ಏನು ಪ್ರಯೋಜನ?

ಈ ಕೊನೆಯ ಸಾಲೇ ಆ ರಾತ್ರಿಗಿಂತ ಅಪಾಯ. "ಹೇಗೂ ಕೆಟ್ಟಾಯಿತು, ಇನ್ನೇನು" ಅನ್ನುವ ಆ ಅವಮಾನವೇ ಒಂದು ರಾತ್ರಿಯ ಕುಡಿತವನ್ನು ಮತ್ತೆ ದಿನನಿತ್ಯದ ಕುಡಿತ ಮಾಡಿಬಿಡುತ್ತದೆ ಅಂತ ಮಾರ್ಲಾಟ್ ಬಹಳ ಹಿಂದೆಯೇ ಎಚ್ಚರಿಸಿದ್ದರು. ಒಂದೂವರೆ ವರ್ಷ ನಿಮ್ಮ ಲಿವರ್‌ಗೆ, ಮನೆಗೆ, ನಿಮ್ಮ ತಲೆಗೆ ಸಿಕ್ಕಿದ್ದು ಸಿಕ್ಕಿದ್ದೇ, ಅದನ್ನು ಯಾರೂ ಕಿತ್ತುಕೊಳ್ಳಲಾರರು. ಮೇಲೆ ಹೇಳಿದ ಡಾಕ್ಟರ್ ಬಾಬ್ ಇದ್ದಾರಲ್ಲ, ಬಿಲ್ ವಿಲ್ಸನ್ ಸಿಕ್ಕ ಮೇಲೆ ಕುಡಿತ ಬಿಟ್ಟವರು, ಕೆಲವೇ ವಾರಗಳಲ್ಲಿ ವೈದ್ಯರ ಒಂದು ಸಮ್ಮೇಳನಕ್ಕೆ ಅಟ್ಲಾಂಟಿಕ್ ಸಿಟಿಗೆ ಹೋಗಿ ವಿಪರೀತ ಕುಡಿದರು. ಪ್ರವಾಸದಲ್ಲೇ! ವಾಪಸ್ ಬಂದು ಮತ್ತೆ ಬಿಟ್ಟರು, 1950ರಲ್ಲಿ ತೀರಿಕೊಳ್ಳುವವರೆಗೂ ಮತ್ತೆ ಮುಟ್ಟಲಿಲ್ಲ. ಅವರು ಕೊನೆಯದಾಗಿ ಕುಡಿದ 1935ರ ಜೂನ್ 10ನ್ನೇ ಎಎ ತನ್ನ ಹುಟ್ಟಿದ ದಿನ ಅಂತ ಲೆಕ್ಕ ಹಾಕುತ್ತದೆ.

ನೀವು ಇವತ್ತೇ ಒಬ್ಬರಿಗೆ ನಡೆದದ್ದನ್ನು ಹೇಳಿ. ಆ ರಾತ್ರಿ ಕುಡಿಯುವ ಮೊದಲಿನ ಆರು ಗಂಟೆ ಎಲ್ಲಿದ್ದಿರಿ, ಯಾರ ಜೊತೆ ಇದ್ದಿರಿ, ಊಟ ಮಾಡಿದ್ದಿರಾ, ಯಾರಿಗಾದರೂ ಫೋನ್ ಮಾಡಬೇಕು ಅನ್ನಿಸಿ ಬಿಟ್ಟಿರಾ, ಎಲ್ಲ ಬರೆದು ನೋಡಿ. ಮುಂದಿನ ಪ್ರವಾಸಕ್ಕೆ ಏನು ತಯಾರಿ ಬೇಕು ಅನ್ನುವುದು ಆ ಹಾಳೆಯಲ್ಲೇ ಸಿಗುತ್ತದೆ.

ಪ್ರಶ್ನೆ: ನಾನು ದಿನಾ ಕುಡಿಯುತ್ತೇನೆ, ಬೆಳಿಗ್ಗೆ ಎದ್ದ ಕೂಡಲೇ ಬೇಕು. ಮುಂದಿನ ವಾರ ಬೆಟ್ಟದ ಮೇಲೆ ಗೆಳೆಯನ ಮನೆಗೆ ಹೋಗಿ, ಅಲ್ಲೇ ಒಂದೇ ಸಲ ಬಿಟ್ಟುಬಿಡೋಣ ಅಂದುಕೊಂಡಿದ್ದೇನೆ. ಸರಿಯಾ?

ಬಿಡಬೇಕು ಅನ್ನಿಸಿರುವುದು ತುಂಬಾ ಒಳ್ಳೆಯದು. ಆದರೆ ಹೀಗೆ ಬೇಡ, ಕೈಮುಗಿದು ಕೇಳುತ್ತೇನೆ. ಬೆಳಿಗ್ಗೆ ಎದ್ದ ಕೂಡಲೇ ಬೇಕು ಅನ್ನುವಷ್ಟು ದೇಹ ಒಗ್ಗಿಹೋಗಿದ್ದರೆ, ಇದ್ದಕ್ಕಿದ್ದಂತೆ ನಿಲ್ಲಿಸುವುದು ಅಪಾಯ. ಕೆಲವೇ ಗಂಟೆಗಳಲ್ಲಿ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಕೆಲವರಿಗೆ ಜ್ವರ ಬಂದು, ಇಲ್ಲದ್ದು ಕಂಡು, ತಾನೆಲ್ಲಿದ್ದೇನೆ ಅನ್ನುವುದೇ ತಿಳಿಯದಂತಾಗುತ್ತದೆ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಆಸ್ಪತ್ರೆ ದೂರ ಇರುವ ಬೆಟ್ಟದ ಮೇಲೆ ಇದಾದರೆ ಗೆಳೆಯ ಏನು ಮಾಡಿಯಾನು? ಡಾಕ್ಟರ ಕಣ್ಣೆದುರು ಬಿಟ್ಟರೆ ಇದನ್ನೆಲ್ಲ ತಡೆಯುವ ಔಷಧಿ ಇದೆ. ಗೆಳೆಯನಿಗೆ ಫೋನ್ ಮಾಡಿ, ಬರುವುದು ಒಂದು ತಿಂಗಳು ತಡವಾಗುತ್ತದೆ ಅನ್ನಿ, ಯಾಕೆ ಅಂತಲೂ ಹೇಳಿ. ನಾಳೆಯೇ ಡಾಕ್ಟರ ಹತ್ತಿರ ಹೋಗಿ, ದಿನಕ್ಕೆ ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಕಡಿಮೆ ಮಾಡಿ ಹೇಳಬೇಡಿ, ಔಷಧಿಯ ಪ್ರಮಾಣ ಅದರ ಮೇಲೆಯೇ ನಿಂತಿರುತ್ತದೆ. ಆಗುವುದಾದರೆ ಆ ಗೆಳೆಯನನ್ನೇ ಜೊತೆಗೆ ಕರೆದುಕೊಂಡು ಹೋಗಿ.